ಮಗ್ರಿಬ್ ಬೆಳಕಿನ ಗುರಿಚುಕ್ಕೆ

ಸೆಪ್ಟೆಂಬರ್ 14, 2024, ಶನಿವಾರ. ಬೆಳಿಗ್ಗೆ ಮಿರ್ದಿಫ್‌ನಲ್ಲಿ ಮಂಜು. ಎದುರಿನ ವಿಲ್ಲಾ ಕಾಣಲಿಲ್ಲ. ಹತ್ತಕ್ಕೆ ಬಿಸಿಲು, ಆಮೇಲೆ ಸಂಜೆಯವರೆಗೂ ಮೈಗಂಟುವ ಸೆಕೆ.

ಬದ್ರುದ್ದೀನ್ ನಮ್ಮ ಬೇಟೆ ಸಾಮಾನಿನ ಅಂಗಡಿಗೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ದಾಸ್ತಾನು ನೋಡಿಕೊಳ್ಳುವ ನಾನು ಸೇರಿ ಹದಿನೇಳು. ಉಳ್ಳಾಲದ ಈ ಬ್ಯಾರಿ ಇದುವರೆಗೆ ಒಂದು ಗುಂಡನ್ನೂ ಹಾರಿಸಿದವನಲ್ಲ. ಆದರೂ ಕೈಬಂದೂಕಿನ ಗುರಿಚುಕ್ಕೆ, ಅಂದರೆ ಸೈಟ್, ಆರಿಸುವಾಗ ಗಿರಾಕಿಗಳು ಕೇಳುವುದು ಅವನನ್ನೇ. ಮುಸ್ಸಂಜೆಯ ಬೇಟೆಗೆಂದು ಬಂದವರಿಗೆ ಅವನು ಹಗಲಿನಲ್ಲಿ ಏನನ್ನೂ ಮಾರುವುದಿಲ್ಲ. "ಮಗ್ರಿಬ್‌ಗೆ ಬನ್ನಿ" ಎಂದು ಕಳುಹಿಸಿಬಿಡುತ್ತಾನೆ. ಸೂರ್ಯ ಮುಳುಗಿದ ಕೂಡಲೇ ಆ ನಮಾಝ್ ಮುಗಿಸಿ ಬಂದು, ಹಿಂಬಾಗಿಲಾಚೆಯ ಗೋಡೆಗೆ ಕಂದು ಕಂಬಳಿ ತೂಗುಹಾಕಿ, ಮರದ ಮಾದರಿ ಪಿಸ್ತೂಲಿಗೆ ಒಂದೊಂದೇ ಸೈಟ್ ಕೂರಿಸಿ ಗಿರಾಕಿಯ ಕೈಗೆ ಕೊಡುತ್ತಾನೆ. ಕಪ್ಪು ಸೈಟ್ ಮೊದಲು ಮಾಯವಾಗುತ್ತದೆ. ಹೊರಬೆಳಕನ್ನು ಹೀರಿ ಹೊಳೆಯುವ ಫೈಬರ್ ಚುಕ್ಕೆ ತುಸು ಹೊತ್ತು ತಾಳಿ ಆರುತ್ತದೆ. ಟ್ರಿಟಿಯಂ ಅನಿಲ ತುಂಬಿದ್ದು ಮಾತ್ರ ತಾನಾಗಿ ಮಿನುಗುತ್ತಿರುತ್ತದೆ. ಅವನಿಗೆ ಹೆಚ್ಚು ಮಾತಾಡುವ ಅಗತ್ಯವೇ ಬೀಳುವುದಿಲ್ಲ.

ಜುಲೈ ಕೊನೆಯಲ್ಲಿ ಕಾನ್ರಾಡ್ ಬಂದಿದ್ದ. ಮಂಗಳೂರಿನವನು, ಜುಮೇರಾ ಲೇಕ್ ಟವರ್ಸ್‌ನಲ್ಲಿ ಎಂಜಿನಿಯರ್. ವರ್ಷಕ್ಕೊಮ್ಮೆ ದಕ್ಷಿಣ ಆಫ್ರಿಕಾಕ್ಕೆ, ಭಾವನ ಬೇಟೆ ಫಾರ್ಮಿಗೆ ಹೋಗುತ್ತಾನೆ. ರಿವಾಲ್ವರ್ ಅಲ್ಲಿಯೇ ಇರುತ್ತದೆ. ಆಗ ಮಧ್ಯಾಹ್ನ ಎರಡು ಗಂಟೆ.

"ಮಗ್ರಿಬ್‌ಗೆ ಬನ್ನಿ ಕಾನ್ರಾಡ್‌ರೇ."

"ಸಂಜೆ ಫ್ಲೈಟ್ ಉಂಟು ಮಾರಾಯ. ಸೈಟ್ ತೆಗೊಳ್ಳಿಕ್ಕೂ ಮುಹೂರ್ತ ಬೇಕಾ ನಿನಗೆ?"

"ಮುಹೂರ್ತ ಬೇಡ, ಸ್ವಲ್ಪ ಕತ್ತಲೆ ಬೇಕು."

ನನ್ನ ಕಪಾಟಿನಲ್ಲಿ ಎರಡು ವರ್ಷದಿಂದ ಹೋಗದೆ ಉಳಿದ ಹನ್ನೊಂದು ಫೈಬರ್ ಸೈಟ್‌ಗಳಿದ್ದವು. ಮಾಲೀಕರು ಅವುಗಳ ಬಗ್ಗೆ ಎರಡು ಸಲ ಕೇಳಿದ್ದರು. ಬದ್ರುದ್ದೀನ್ ಇನ್ನೊಬ್ಬ ಗಿರಾಕಿಯ ಕಡೆ ಹೋದಾಗ ನಾನು ಒಂದನ್ನು ತಂದು ದೀಪದ ಕೆಳಗೆ ಹಿಡಿದೆ. ಕೆಂಡದಂತೆ ಹೊಳೆಯಿತು. "ಬದ್ರುದ್ದೀನ್ ಕೊಡುವುದೂ ಇದನ್ನೇ" ಎಂದೆ. ಹೇಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಡಬ್ಬಿಗೆ ಹಾಕಿ ಕೊಟ್ಟೆ, ಅವನು ಹಣ ಕೊಟ್ಟು ಒಯ್ದ.

ಈ ದಿನ ಕಾನ್ರಾಡ್ ಆ ಡಬ್ಬಿಯನ್ನು ಬದ್ರುದ್ದೀನನ ಮುಂದೆ ತಂದಿಟ್ಟ.

"ನಿನ್ನ ಹೆಸರು ಕೇಳಿ ತೆಗೊಂಡೆ ಬದ್ರು. ಸೂರ್ಯ ಮುಳುಗಿದ ಮೇಲೆ ಜಿಂಕೆ ಎದುರು ನಿಂತಿದೆ, ಚುಕ್ಕೆಯೇ ಇಲ್ಲ! ಹೊಡೆಯಬಾರದಿತ್ತು, ಅಂದಾಜಿನಲ್ಲಿ ಹೊಡೆದೆ. ಹೊಟ್ಟೆಗೆ ಬಿತ್ತು. ಎರಡು ದಿನ ಹುಡುಕಿದ್ದೇವೆ, ಸಿಕ್ಕಿದ್ದು ರಕ್ತ ಮಾತ್ರ."

ಬದ್ರುದ್ದೀನ್ ಡಬ್ಬಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ತಪ್ಪಾಯಿತು" ಎಂದ.

"ಇಷ್ಟು ವರ್ಷದ ಹೆಸರು, ಖಲಾಸ್" ಎಂದು ಕಾನ್ರಾಡ್ ಹೊರಟ.

ಅವನು ಗಾಜಿನ ಬಾಗಿಲ ಹಿಡಿಗೆ ಕೈ ಹಾಕುವವರೆಗೂ ನಾನು ಸುಮ್ಮನಿದ್ದೆ. ಅದನ್ನೂ ಇಲ್ಲಿ ಬರೆದಿಡಬೇಕು. ಬಳಿಕ ಕರೆದು ಹೇಳಿದೆ: "ಆರಿಸಿದ್ದೂ ನಾನೇ. ಅವನಿಗೆ ಗೊತ್ತೇ ಇರಲಿಲ್ಲ. ಅವನ ಹೆಸರು ಸುಮ್ಮನೆ ಸೇರಿಸಿದೆ."

"ಚನಿಯಣ್ಣ, ನೀವೇ ಆರಿಸಿದ್ದಾ? ಸ್ಟೋರಿನಲ್ಲಿ ಕೂತೇ ಬೇಟೆ ಆಡ್ತೀರಿ ಅಂತಾಯ್ತು." ಬದ್ರುದ್ದೀನನ ಕಡೆ ತಿರುಗಿದ. "ಮತ್ತೆ ನೀನು ಎಂತಕ್ಕೆ ತಪ್ಪಾಯಿತು ಅಂದದ್ದು?"

"ಅವರಿಗೂ ಬಾಯಿ ಉಂಟಲ್ಲ, ಅವರೇ ಹೇಳಲಿ ಅಂತ ಕಾದೆ."

ಹಳೆಯದರ ಹಣ ವಾಪಸು ಕೊಟ್ಟು, ಬೇರೆ ಸೈಟ್ ನನ್ನ ಖರ್ಚಿನಲ್ಲಿ ಕೊಡುತ್ತೇನೆಂದೆ. ಕಾನ್ರಾಡ್ ಒಪ್ಪಿದ. "ಆದರೆ ಆರಿಸುವುದು ಬದ್ರು. ನಾಳೆ ಸಂಜೆ ಬರ್ತೇನೆ, ನೀವು ಒಳಗೇ ಇರಿ."

ಅವನು ಹೋದ ಮೇಲೆ ನಾನು ಬದ್ರುದ್ದೀನನ ಕ್ಷಮೆ ಕೇಳಿದೆ.

"ನನ್ನ ಹೆಸರು ಹೋಗಲಿ, ಅದು ದೊಡ್ಡದಲ್ಲ" ಎಂದ. "ಆ ಪ್ರಾಣಿ ಎಷ್ಟು ಹೊತ್ತು ಎಲ್ಲಿ ಬಿದ್ದಿತ್ತೋ. ಅದರ ಹತ್ತಿರ ಯಾರು ಕ್ಷಮೆ ಕೇಳುವುದು?"

ನಾನು ಇಬ್ಬರಿಗೂ ಚಹಾ ತರಿಸಿದೆ.

ಇಂದಿನ ಖರ್ಚು: ಬದ್ರುದ್ದೀನ್ ನಾಳೆಗೆಂದು ತೆಗೆದಿಟ್ಟ ಟ್ರಿಟಿಯಂ ಸೈಟ್ ಒಂದು ಜೊತೆ, 540 ದಿರ್ಹಮ್. ಫೈಬರ್ ಸೈಟ್‌ನ ಹಣ ಕಾನ್ರಾಡ್‌ಗೆ ವಾಪಸು, 210. ಚಹಾ ಎರಡು, 4; ಬದ್ರುದ್ದೀನ್ ಕುಡಿಯಲಿಲ್ಲ. ಒಟ್ಟು 754 ದಿರ್ಹಮ್.