ಕಾಂತರಾಜುವಿನ ಗೂಡು

ಹುಣಸೂರಿನ ಬೈಪಾಸಿನಲ್ಲಿ ನಿಂತು ಕಾಂತರಾಜುವಿನ ಆಟೋ ಎಲೆಕ್ಟ್ರಿಕಲ್ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರು ಬೇಕಾದರೂ ಕೈ ತೋರಿಸುತ್ತಾರೆ. ಕಾಂತರಾಜು ಎಂಥವನು ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ತಂಬಾಕಿನ ಲಾರಿಯ ಹಾರನ್ನು ಕೂಗದಿದ್ದರೆ, ಮಡಿಕೇರಿಗೆ ಹೊರಟ ವ್ಯಾನಿನ ಹೆಡ್‌ಲೈಟು ಕೈಕೊಟ್ಟರೆ ಜನ ಅವನ ಬಳಿ ಬರುತ್ತಾರೆ. ಹಾರನ್ನು ಕೂಗಿತೋ, ಹೊರಟರು. ಅವರ ತಪ್ಪೇನೂ ಇಲ್ಲ ಬಿಡಿ. ವೈರು ಸರಿಮಾಡಿದವನ ಸುಖದುಃಖ ವಿಚಾರಿಸಿಕೊಂಡು ಯಾರು ತಾನೇ ಕೂರುತ್ತಾರೆ?

ವಿಚಾರಿಸಿದ್ದರೂ ಹೇಳಲು ಹೆಚ್ಚಿಗೇನೂ ಇರಲಿಲ್ಲ. ಹುಟ್ಟಿದ್ದು ರಾವಂದೂರಿನ ಪಕ್ಕದ ಹಳ್ಳಿ. ತಂಗಿ ಜಯಲಕ್ಷ್ಮಮ್ಮನ ಮದುವೆ ಮುಗಿಯಲಿ, ಆಮೇಲೆ ತನ್ನದು ನೋಡೋಣ ಎಂದುಕೊಂಡವನು, ತಂಗಿ ಕೆ.ಆರ್. ನಗರದ ಸೊಸೆಯಾಗಿ ಅವಳ ಮಕ್ಕಳು ಮೀಸೆ ತೀಡುವ ಕಾಲಕ್ಕೆ ನೋಡುವುದನ್ನೇ ಬಿಟ್ಟಿದ್ದ. ಅಂಗಡಿಯ ಹಿಂದಿನ ಕೋಣೆಯೇ ಮನೆ. ಬೆಳಿಗ್ಗೆ ಮಾಡಿದ ಸಾರೇ ರಾತ್ರಿಗೂ. ಐವತ್ತು ದಾಟಿದ ಮೇಲೆ ಅವನಿಗೊಂದು ಯೋಚನೆ ಅಂಟಿಕೊಂಡಿತು: ನಾಳೆ ತಾನು ಹೋದರೆ, ಹೀಗೊಬ್ಬ ಇದ್ದ ಎನ್ನುವುದಕ್ಕೆ ಏನು ಉಳಿಯುತ್ತದೆ? ಮಕ್ಕಳೊಂದಿಗರಿಗೆ ಈ ಯೋಚನೆ ಬರುವುದು ಕಡಿಮೆ. ಬಂದರೂ ಮಕ್ಕಳ ಗಲಾಟೆಯಲ್ಲಿ ಕೊಚ್ಚಿಹೋಗುತ್ತದೆ. ಒಂಟಿ ಮನುಷ್ಯನಿಗೆ ಅದು ಹಾಗೆ ಹೋಗುವುದಿಲ್ಲ.

ಅವನನ್ನು ‘ಲೇ ಕಾಂತ’ ಎಂದು ಕರೆಯುತ್ತಿದ್ದವನು ಒಬ್ಬನೇ, ಅಂತರಸಂತೆಯ ಮರಿಯಯ್ಯ. ಹುಣಸೂರಿನ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು. ಮರಿಯಯ್ಯ ಬಾಡಿಗೆ ಜೀಪು ಓಡಿಸುತ್ತಿದ್ದ. ಕಾಡಂಚಿನ ಗಿರಿಜನರ ಹಾಡಿಗಳಿಗೆ ಟೀಚರಮ್ಮಂದಿರನ್ನು, ಫಾರೆಸ್ಟಿನ ಕೂಲಿಯವರನ್ನು, ಸಂತೆಯ ದಿನ ಕೋಳಿ ಕುರಿಗಳನ್ನೂ ಹೊತ್ತು ತಿರುಗುವ ಜೀಪು ಅದು. ಹಿಂದೊಮ್ಮೆ ಅದು ಹಳ್ಳಕ್ಕೆ ಉರುಳಿದಾಗ ಅವನ ಕತ್ತಿಗೆ ಪೆಟ್ಟಾಗಿ, ಆಮೇಲೆ ಕತ್ತು ಕೆಳಕ್ಕೆ ಬಗ್ಗದಂತೆ, ಪಕ್ಕಕ್ಕೆ ಸಲೀಸಾಗಿ ತಿರುಗದಂತೆ ಆಯಿತು. ರಸ್ತೆಯೇನೋ ಕಾಣುತ್ತಿತ್ತು. ಸ್ಪೀಡಿನ ಮೀಟರು ನೋಡಬೇಕೆಂದರೆ ಮಾತ್ರ ಇಡೀ ಮೈಯನ್ನು ಮುಂದಕ್ಕೆ ಬಾಗಿಸಬೇಕು. ಆ ರಸ್ತೆಯಲ್ಲಿ ಜಿಂಕೆ ಹಾರುವುದಕ್ಕೂ ಆನೆ ಅಡ್ಡ ನಿಲ್ಲುವುದಕ್ಕೂ ಹೊತ್ತುಗೊತ್ತಿಲ್ಲ. ಅವನು ಹಾಗೆ ಬಾಗುವುದನ್ನು ಪಕ್ಕದ ಸೀಟಿನಿಂದ ನೋಡಿದಾಗಲೆಲ್ಲ ಕಾಂತರಾಜುವಿನ ಎದೆ ಧಸಕ್ಕೆನ್ನುತ್ತಿತ್ತು.

ದೊಡ್ಡ ಕಾರುಗಳಲ್ಲಿ ವೇಗದ ಅಂಕಿಯನ್ನು ಎದುರಿನ ಗಾಜಿನ ಮೇಲೇ ಮೂಡಿಸುವ ಹೆಡ್-ಅಪ್ ಡಿಸ್‌ಪ್ಲೇ ಇರುತ್ತದೆ. ಚಾಲಕ ತಲೆ ತಗ್ಗಿಸುವ ಹಾಗೇ ಇಲ್ಲ. ಅದರದೊಂದು ಚಿಕ್ಕ ಯಂತ್ರವನ್ನು ಕಾಂತರಾಜು ಆನ್‌ಲೈನಿನಲ್ಲಿ ತರಿಸಿದ. ಜೀಪಿನ ಚಪ್ಪಟೆ ಗಾಜಿನಲ್ಲಿ ಅಂಕಿ ಎರಡೆರಡಾಗಿ ಕಂಡಿತು, ಬಿಸಿಲಿಗೆ ಅಳಿಸಿಹೋಯಿತು, ಮೊದಲ ಗುಂಡಿಗೇ ಯಂತ್ರ ಕೆಳಗೆ ಬಿತ್ತು. ಬೇರೆಯವರಾಗಿದ್ದರೆ ಮೂಲೆಗೆ ಎಸೆಯುತ್ತಿದ್ದರು. ಇವನು ಅದಕ್ಕೊಂದು ಕವಚ ಮಾಡಲು ಕೂತ. ಬಂಪರ್ ರಿಪೇರಿಯ ಫೈಬರಿನಲ್ಲಿ ಅಚ್ಚು ತೆಗೆದ, ಉಜ್ಜಿದ, ಒಡೆದ, ಮತ್ತೆ ತೆಗೆದ. ಕೊನೆಗೆ ಅದಕ್ಕೆ ಗೋಡೆಯಲ್ಲಿ ದೀಪ ಇಡುವ ಗೂಡಿನ ಆಕಾರ ಬಂತು. ಬಾಯಿ ಓರೆ, ಮೇಲೆ ಬಿಸಿಲು ತಡೆಯಲು ಹುಬ್ಬಿನಂಥ ಅಂಚು, ಕೆಳಗೆ ಜೀಪಿನ ಡ್ಯಾಶ್‌ಬೋರ್ಡನ್ನು ಕಚ್ಚಿ ಹಿಡಿಯುವ ಎರಡು ಮೆಟ್ಟಿಲು. ಅದಕ್ಕೆ ‘ಗೂಡು’ ಎಂದೇ ಹೆಸರಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ ಊಟದ ತಟ್ಟೆಯ ಪಕ್ಕದಲ್ಲೂ ಅದನ್ನಿಟ್ಟುಕೊಂಡು ನೋಡುತ್ತಿದ್ದ.

ಮೈಸೂರಿನ ಅನುಶ್ರೀ ಅದನ್ನು ಕಂಡದ್ದು ತನ್ನ ಕಾರಿನ ಇಂಡಿಕೇಟರ್ ಕೆಟ್ಟು ಅಂಗಡಿಗೆ ಬಂದ ದಿನ. ಪೇಟೆಂಟ್ ಅರ್ಜಿಗಳನ್ನು ನಡೆಸಿಕೊಡುವುದೇ ಆಕೆಯ ಕೆಲಸ.

“ಸರ್, ಒಳಗಿನ ಯಂತ್ರ ನಿಮ್ಮದಲ್ಲ. ಆದರೆ ಈ ಆಕಾರ ನಿಮ್ಮದು. ಇದನ್ನ ಡಿಸೈನ್ ಅಂತ ಪೇಟೆಂಟ್ ಆಫೀಸಲ್ಲೇ ರಿಜಿಸ್ಟರ್ ಮಾಡಿಸಬಹುದು. ನಿಮ್ಮ ಹೆಸರಲ್ಲಿ ಸರ್ಟಿಫಿಕೇಟ್ ಬರುತ್ತೆ” ಎಂದಳು.

‘ನಿಮ್ಮ ಹೆಸರಲ್ಲಿ’ ಎಂಬುದೊಂದೇ ಕಾಂತರಾಜುವಿನ ಕಿವಿಗೆ ಬಿದ್ದದ್ದು. ಅವಳು ಹೇಳಿದ ಇನ್ನೊಂದು ಮಾತೂ ಇತ್ತು: ಅರ್ಜಿ ಹಾಕುವ ತನಕ ಇದನ್ನು ಯಾರಿಗೂ ತೋರಿಸಬೇಡಿ. ಆಯಿತಮ್ಮ ಎಂದ. ಅವಳು ಅರ್ಜಿಗೆ ಬೇಕಾದ ಗೂಡಿನ ಚಿತ್ರಗಳನ್ನು ಬರೆಸುತ್ತಿದ್ದಾಗಲೇ ನಡುವೆ ಆಯುಧಪೂಜೆ ಬಂತು.

ನಮ್ಮ ಕಡೆ ಹೊಸ ಸ್ಪ್ಯಾನರಿಗೂ ಕುಂಕುಮ ಇಡದೆ ಬೋಲ್ಟು ಮುಟ್ಟಿಸುವುದಿಲ್ಲ. ಇನ್ನು ಈ ಗೂಡು ಪೂಜೆಯಿಲ್ಲದೆ ಇರುವುದುಂಟೇ? ಕಾಂತರಾಜು ಅದನ್ನು ಅಂತರಸಂತೆಗೆ ಒಯ್ದು ಮರಿಯಯ್ಯನ ಜೀಪಿಗೆ ಕೂರಿಸಿದ. ಜೀಪಿಗೆ ಬಾಳೆಕಂದು, ಚೆಂಡುಹೂ. ಗೂಡಿಗೆ ಮೂರು ಬೆರಳು ವಿಭೂತಿ. ಬೂದುಗುಂಬಳ ಒಡೆದು ಇಬ್ಬರೂ ಹಾಡಿಯ ತನಕ ಹೋಗಿಬಂದರು. ಗಾಜಿನ ಮೇಲೆ ಅಂಕಿ ಹಸಿರಾಗಿ ಮೂಡಿ ನಿಂತಿತ್ತು.

“ಲೇ ಕಾಂತ, ನನ್ ಕತ್ತೇ ವಾಪಸ್ ಕೊಟ್ಬುಟ್ಟೆ ಕಣ್ಲಾ” ಎಂದ ಮರಿಯಯ್ಯ.

ಅರ್ಜಿಯ ವಿಷಯವನ್ನು ಕಾಂತರಾಜು ಹೇಳಲಿಲ್ಲ. ಸರ್ಟಿಫಿಕೇಟು ಬಂದ ಮೇಲೆ ಒಟ್ಟಿಗೇ ತೋರಿಸೋಣ ಎಂದುಕೊಂಡಿದ್ದ. ಯಾರಿಗೂ ತೋರಿಸಬೇಡಿ ಎಂದಾಗ ಆ ‘ಯಾರಿಗೂ’ನಲ್ಲಿ ಮರಿಯಯ್ಯನೂ ಸೇರುತ್ತಾನೆ ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಸಂಜೆ ಮರಿಯಯ್ಯ ಹೂವಿನ ಜೀಪಿನ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದ. ಗೂಡನ್ನು ಹತ್ತಿರದಿಂದ ಒಂದು, ಪಕ್ಕದಿಂದ ಇನ್ನೊಂದು. ‘ನಮ್ಮ ಹುಣಸೂರ್ ಕಾಂತ ನನಗೋಸ್ಕರ ಮಾಡಿರೋದು’ ಎಂದು ಬರೆದ. ಊರವರು ಹೆಬ್ಬೆಟ್ಟು ಒತ್ತಿ ಮರೆತರು.

ಕೋಲ್ಕತ್ತಾದ ಪೇಟೆಂಟ್ ಆಫೀಸಿನಲ್ಲಿ ಕೂತ ಪರೀಕ್ಷಕರು ಮರೆಯಲಿಲ್ಲ. ಅರ್ಜಿ ಬಂದ ಮೇಲೆ ಆ ಆಕಾರ ಲೋಕದಲ್ಲಿ ಮೊದಲೇ ಎಲ್ಲಾದರೂ ಕಂಡಿದೆಯೇ ಎಂದು ಹುಡುಕುವುದು ಅವರ ಕೆಲಸ. ಅದನ್ನು ಅವರು ಚೊಕ್ಕವಾಗಿಯೇ ಮಾಡಿದ್ದರು. ಪರೀಕ್ಷೆಯ ವರದಿಯಲ್ಲಿ ಎರಡು ಆಕ್ಷೇಪಣೆ ಬಂತು. ಮೊದಲನೆಯದು ಎಡಬದಿಯ ಚಿತ್ರಕ್ಕೂ ಮೇಲಿನ ಚಿತ್ರಕ್ಕೂ ಒಂದು ಗೆರೆ ತಾಳೆಯಾಗುವುದಿಲ್ಲ ಎಂದು. ಅದನ್ನು ಅನುಶ್ರೀ ಕೂತಲ್ಲೇ ಸರಿಮಾಡಿದಳು. ಎರಡನೆಯದರ ಜೊತೆ ಚೆಂಡುಹೂವಿನ ನಡುವೆ ವಿಭೂತಿ ಬಳಿದುಕೊಂಡ ಗೂಡಿನ ಫೋಟೋ ಇತ್ತು. ಅರ್ಜಿಗಿಂತ ಮೊದಲೇ ಇದು ಜಗತ್ತಿಗೆ ಪ್ರಕಟವಾಗಿದೆ, ಆದ್ದರಿಂದ ಹೊಸದಲ್ಲ.

“ಇಷ್ಟಾದ್ರೆ ಮುಗೀತು ಸರ್” ಎಂದಳು ಅನುಶ್ರೀ ಫೋನಿನಲ್ಲಿ. “ಒಂದೇ ದಾರಿ ಇದೆ. ನೀವು ನಂಬಿ ತೋರಿಸಿದವರು ಆ ನಂಬಿಕೆ ಮುರಿದು ಹೊರಗೆ ಬಿಟ್ಟಿದ್ರೆ, ಕಾಯ್ದೆ ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಯಾರಿಗೂ ತೋರಿಸಬೇಡ ಅಂತ ನೀವು ಅವರಿಗೆ ಹೇಳಿದ್ರಾ?”

ಕಾಂತರಾಜು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

“ಸರ್, ನಿಜ ಹೇಳಿ. ಹೇಳಿದ್ರಾ?”

“ಹೇಳಿದ್ದೆ ಕಣಮ್ಮ.”

ಅಲ್ಲಿಗೆ ಆಯಿತು. ಅವನೇನು ದುಷ್ಟನಲ್ಲ, ಸುಳ್ಳುಗಾರನೂ ಅಲ್ಲ. ಗಿರಾಕಿಯ ವೈರು ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು ವಾಪಸು ಕಳಿಸುವವನು. ಆದರೆ ತನ್ನ ಹೆಸರಿನ ಒಂದು ಕಾಗದ ಕೈಗೆ ಬರುವ ಹೊತ್ತಿನಲ್ಲಿ ಜಾರುವುದನ್ನು ಕಂಡು ನಾಲಿಗೆ ತಾನಾಗಿ ಹೊರಳಿತು. ಇಂಥ ಹೊತ್ತಿನಲ್ಲಿ ಎಷ್ಟು ಜನರ ನಾಲಿಗೆ ನೆಟ್ಟಗಿರುತ್ತದೋ ನಾ ಕಾಣೆ. ಮರಿಯಯ್ಯನೇ ಒಪ್ಪಿಕೊಂಡು ನೋಟರಿಯ ಮುಂದೆ ಪ್ರಮಾಣಪತ್ರ, ಅಂದರೆ ಅಫಿಡವಿಟ್ಟು, ಬರೆದುಕೊಟ್ಟರೆ ಬಲ ಬರುತ್ತದೆ ಎಂದಳು ಅನುಶ್ರೀ.

ಸಂತೆಯ ದಿನ ಕಾಂತರಾಜು ಅಂತರಸಂತೆಗೆ ಹೋದ. ಮರಿಯಯ್ಯ ಜೀಪಿನ ನೆರಳಿನಲ್ಲಿ ಕಡಲೆಕಾಯಿ ತಿನ್ನುತ್ತಿದ್ದ. ಅರ್ಧ ಇವನ ಕೈಗೆ ಸುರಿದ. ಕಾಂತರಾಜು ಅರ್ಜಿ, ಪರೀಕ್ಷೆ, ಫೋಟೋ ಎಲ್ಲ ಹೇಳಿದ.

“ಅಯ್ಯೋ, ನನ್ನಿಂದ ಇಂಗಾಯ್ತಾ? ಈಗ್ಲೇ ತೆಗೆದಾಕ್ತೀನಿ ಬುಡ್ಲಾ” ಎಂದು ಮರಿಯಯ್ಯ ಫೋನು ತೆಗೆದ.

“ತೆಗುದ್ರೆ ಆಗಾಕಿಲ್ಲ ಕಣ್ಲಾ. ನಾನು ಬ್ಯಾಡ ಅಂದಿದ್ರೂ ನೀನು ಆಕ್ದೆ ಅಂತ ಬರ್ಕೊಡ್ಬೇಕಂತೆ.”

ಮರಿಯಯ್ಯ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದ. ಕತ್ತು ತಿರುಗದಿದ್ದುದರಿಂದ ಇಡೀ ಮೈ ತಿರುಗಿಸಿ ಗೆಳೆಯನ ಮುಖ ನೋಡಿದ.

“ನೀನು ಬ್ಯಾಡ ಅಂದಿದ್ದಾ?”

“ಅಂದಿರ್ನಿಲ್ಲ.”

“ಅಂದಿದ್ರೆ ನಾನು ಆಕ್ತಿದ್ನಾ?”

“ಆಕ್ತಿರ್ನಿಲ್ಲ.”

“ಆದ್ರೂವೆ ಬರ್ಕೊಡ್ಬೇಕಾ?”

ಬೇಡ ಎನ್ನಲು ಕಾಂತರಾಜುವಿಗೆ ಆಗಲೂ ಅವಕಾಶವಿತ್ತು. ಹಾಳು ಕಾಗದ, ಹೋಗಲಿ ಅತ್ಲಾಗೆ ಎಂದಿದ್ದರೆ ಇಬ್ಬರೂ ಉಳಿದ ಕಡಲೆಕಾಯಿ ತಿಂದು ಎದ್ದುಹೋಗುತ್ತಿದ್ದರು. “ನಂಗೂ ಅಂತ ಒಂದು ಇರ್ಲಿ ಕಣೋ ಮರಿ. ಮನೆ ಇಲ್ಲ, ಮಕ್ಳಿಲ್ಲ. ಒಂದು ಹೆಸ್ರಾದ್ರೂ ಇರ್ಲಿ” ಎಂದ.

“ಜೀಪು ಹತ್ತು, ನಡಿ” ಎಂದ ಮರಿಯಯ್ಯ, ಅಷ್ಟೇ.

ಎಚ್.ಡಿ. ಕೋಟೆಯ ನೋಟರಿಯ ಮುಂದೆ ಸಂತೆ ಮುಗಿಸಿ ಬಂದ ಜನ ಬೇರೆ ಬೇರೆ ಕಾಗದಕ್ಕೆ ಕಾದಿದ್ದರು. ಅದರಲ್ಲಿ ಅಂತರಸಂತೆಯವರೂ ಇದ್ದರು. ಬರೆದದ್ದನ್ನು ಸಹಿ ಹಾಕುವವರಿಗೆ ಓದಿ ಹೇಳುವುದು ನೋಟರಿಯ ಪದ್ಧತಿ, ಅವರು ಧರ್ಮವಾಗಿಯೇ ಗಟ್ಟಿ ದನಿಯಲ್ಲಿ ಓದಿದರು: “ಸದರಿ ಕಾಂತರಾಜು ಅವರು ನನ್ನ ಮೇಲೆ ನಂಬಿಕೆಯಿಟ್ಟು ತೋರಿಸಿದ ವಿನ್ಯಾಸವನ್ನು, ಅವರ ಮಾತು ಮೀರಿ, ವಿಶ್ವಾಸದ್ರೋಹದಿಂದ ಬಹಿರಂಗಪಡಿಸಿರುತ್ತೇನೆ. ಸರಿಯಾ?” ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

“ಸರಿ” ಎಂದ ಮರಿಯಯ್ಯ. ಸಹಿ ಹಾಕುವಾಗ ತಲೆ ಬಗ್ಗದೆ, ಕಾಗದವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಗೋಡೆಗೆ ಒತ್ತಿ ಹಿಡಿದು ಬರೆದ. ವಾಪಸು ಬರುವಾಗ ಕಾಂತರಾಜುವನ್ನು ಹುಣಸೂರಿನ ಬಸ್ಸಿಗೆ ಹತ್ತಿಸಿದ. ಬಸ್ಸು ಹೊರಡುವ ತನಕ ನಿಲ್ಲುತ್ತಿದ್ದವನು ಅಂದು ನಿಲ್ಲಲಿಲ್ಲ.

ವಿಚಾರಣೆ ವೀಡಿಯೋದಲ್ಲಿ ನಡೆಯಿತು. ಅನುಶ್ರೀ ಇಂಗ್ಲಿಷಿನಲ್ಲಿ ಚೆನ್ನಾಗಿ ವಾದಿಸಿದಳು. ಕಾಂತರಾಜು ಇಸ್ತ್ರಿಯ ಅಂಗಿ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತಿದ್ದ. ತೆರೆಯ ಮೇಲಿನ ಅಧಿಕಾರಿ ಪ್ರಮಾಣಪತ್ರ ಓದಿ, ಆಕ್ಷೇಪಣೆ ಕೈಬಿಟ್ಟು, ಇವನತ್ತ ನೋಡಿ ಅನುಕಂಪದಿಂದ ಏನೋ ಹೇಳಿದರು.

“ಏನಂದ್ರಮ್ಮ?”

“ಇಷ್ಟು ಹತ್ತಿರದವರೇ ಹೀಗೆ ಮಾಡಿದ್ದು ಬೇಜಾರಿನ ವಿಷಯ ಅಂದ್ರು ಸರ್.”

ಕಾಂತರಾಜು ಕೈ ಮುಗಿದ. ತೆರೆ ಆರಿದ ಮೇಲೂ ಮುಗಿದ ಕೈ ಇಳಿಸಲಿಲ್ಲ. ಗೆದ್ದ ಸಂತೋಷಕ್ಕೆ ಎಂದುಕೊಂಡಳು ಅನುಶ್ರೀ.

ಸರ್ಟಿಫಿಕೇಟು ಬಂತು. ಅದರಲ್ಲಿ ಅವನ ಹೆಸರು, ತಂದೆ ಹೆಸರು ಸಮೇತ, ಚೆನ್ನಾಗಿಯೇ ಅಚ್ಚಾಗಿತ್ತು. ಪಕ್ಕದ ಪಂಕ್ಚರಿನವನಿಗೆ ತೋರಿಸಿದ. ಒಳ್ಳೇದು ಅಣ್ಣ ಎಂದು ಅವನು ಟೈರಿಗೆ ಗಾಳಿ ಹಿಡಿದ. ತಂಗಿಗೆ ಫೋನು ಮಾಡಿದ; ಕುಕ್ಕರ್ ಕೂಗ್ತಾ ಇದೆ, ಆಮೇಲೆ ಮಾಡ್ತೀನಿ ಎಂದಳು. ತೋರಿಸಬೇಕಾದ ಮನುಷ್ಯ ಯಾರೆಂದು ಅವನಿಗೆ ಗೊತ್ತಿತ್ತು. ಮರಿಯಯ್ಯ ಹುಣಸೂರಿನ ಕಡೆ ಬಂದು ತಿಂಗಳುಗಳೇ ಆಗಿದ್ದವು. ಬಾಡಿಗೆ ಜಾಸ್ತಿ ಇರಬೇಕು ಎಂದು ಕಾಂತರಾಜು ತನಗೆ ತಾನೇ ಹೇಳಿಕೊಂಡು ಬಂದಿದ್ದ.

ಅಂತರಸಂತೆಯ ಮನೆ ಜಗಲಿಯಲ್ಲಿ ಮರಿಯಯ್ಯನ ಹೆಂಡತಿ ಪುಟ್ಟಮಾದಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ನೀರು ತಂದುಕೊಟ್ಟಳು. ಕೊಟ್ಟು ಒಳಗೆ ಹೋಗದೆ ಅಲ್ಲೇ ನಿಂತು ಕೇಳಿದಳು: “ಅಣ್ಣ, ಊರ್ನೋರೆಲ್ಲ ಆಡ್ಕತಾವ್ರೆ. ನಮ್ಮೋರು ನಿಮ್ಗೆ ಅಂತಾದ್ದೇನು ದ್ರೋಹ ಮಾಡುದ್ರು?”

ಕಾಂತರಾಜು ನೀರಿನ ಲೋಟ ಹಿಡಿದುಕೊಂಡೇ ಕೂತ. ಅಷ್ಟರಲ್ಲಿ ಮರಿಯಯ್ಯ ಬಂದ.

“ಬನ್ನಿ, ಯಾವಾಗ ಬಂದ್ರಿ? ಮ್ಯಾಕ್ಕೆ ಕೂತ್ಕಳಿ” ಎಂದ.

ಕಾಂತರಾಜು ಹಿಂದೆ ಯಾರೋ ಬಂದಿದ್ದಾರೆಂದು ತಿರುಗಿ ನೋಡಿದ. ಯಾರೂ ಇರಲಿಲ್ಲ.

ಸರ್ಟಿಫಿಕೇಟನ್ನು ಮರಿಯಯ್ಯ ಕೈ ಒರೆಸಿಕೊಂಡು ಹಿಡಿದು ನೋಡಿದ. “ಬೋ ಒಳ್ಳೇದಾಯ್ತು ಬುಡಿ” ಎಂದ. ಆ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಕಾಂತರಾಜು ಬದುಕಿಕೊಳ್ಳುತ್ತಿದ್ದ. ಆಮೇಲೆ ಒಳಗೆ ಹೋಗಿ, ಟವಲಿನಲ್ಲಿ ಸುತ್ತಿದ ಗೂಡನ್ನು ತಂದು ಜಗಲಿಯ ಮೇಲಿಟ್ಟ. ಧೂಳು ಒರೆಸಿ ಸ್ವಚ್ಛ ಮಾಡಿದ್ದ.

“ರಿಜಿಸ್ಟ್ರಾದ್ಮೇಲೆ ಇನ್ನೊಬ್ರು ಇಟ್ಕಬಾರ್ದಂತಲ್ಲ. ಬಿಚ್ಚಿ ಮಡಗಿದ್ದೆ.”

“ಲೇ ಮರಿ, ಇದು ನಿಂಗೇಂತ ಮಾಡಿದ್ದು ಕಣ್ಲಾ!” ಕಾಂತರಾಜು ಗೂಡನ್ನು ಅವನತ್ತ ತಳ್ಳಿದ. “ನಿಂಗಲ್ದೆ ಇನ್ಯಾರ್ಗೆ ಮಾಡಿದ್ನೋ?”

“ಅಂಗೇ ಅಂದ್ಕಂಡಿದ್ದೆ” ಎಂದ ಮರಿಯಯ್ಯ. “ಬ್ಯಾಡಿ, ತಗಂಡೋಗಿ. ಜನ ನೋಡ್ತಾರೆ.”

ಬಾಡಿಗೆಯವರು ಕಾಯುತ್ತಿದ್ದಾರೆಂದು ಹೇಳಿ ಎದ್ದ. ಜೀಪು ಹೊರಟುಹೋಯಿತು. ಪುಟ್ಟಮಾದಮ್ಮ ಟವಲನ್ನು ಬಿಡಿಸಿಕೊಂಡು, ಗೂಡನ್ನು ಒಂದು ಚೀಲಕ್ಕೆ ಹಾಕಿಕೊಟ್ಟಳು.

ಬಸ್ಸಿನಲ್ಲಿ ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಎಷ್ಟು ತಡೆದರೂ ಕಣ್ಣು ಒದ್ದೆಯಾಗುತ್ತಿತ್ತು. ಪಕ್ಕದಲ್ಲಿ ಕೂತ ಮುದುಕಿ ಚೀಲದ ಬಾಯಿಂದ ಇಣುಕುತ್ತಿದ್ದ ಕಪ್ಪು ಅಂಚನ್ನು ಮುಟ್ಟಿ ನೋಡಿದಳು.

“ಚೆಂದಾಗದೆ. ಯಾರ್ದಪ್ಪ ಇದು?”

“ನಂದು ಕಣವ್ವ” ಎಂದ ಕಾಂತರಾಜು. “ನಂದೊಬ್ಬಂದೇಯ.”