‘ಮನಿ ಮಗಳಿದ್ದಂಗ’ ಅನ್ನುವ ಮಾತು

ನನಗಾಗ ಹನ್ನೆರಡು ವರ್ಷ. ಅದಾಗಿ ಎಪ್ಪತ್ತೈದು ವರ್ಷದ ಮೇಲಾಯಿತು. ಎಷ್ಟು ಮೇಲೆ ಅಂತ ಎಣಿಸಿಲ್ಲ. ಮೊನ್ನೆ ಜಹೀರಾಬಾದಿನಲ್ಲಿ ಮಗನ ಮನೆಯ ಹಿತ್ತಿಲಲ್ಲಿ ತಾಮ್ರದ ಹಂಡೆಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದರು. ಈಗ ಹಂಡೆಯಲ್ಲಿ ನೀರು ಕಾಯಿಸುವವರು ಯಾರೂ ಇಲ್ಲ. ಮನೆ ಮುಂದೆ ಹೂವು ಇಡಲು ಚಂದ ಕಾಣುತ್ತದೆ ಅಂತ ಅಟ್ಟದಿಂದ ಇಳಿಸಿದ್ದರು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ನನ್ನ ಬೆರಳ ಸಂದಿಗಳು ಉರಿದವು. ಉರಿಯಲು ಈಗ ಅಲ್ಲಿ ಗಾಯವಿಲ್ಲ. ಆದರೂ ಉರಿದವು. ವಾಡೆಯ ಆ ಹೆಂಗಸು ಕಣ್ಣ ಮುಂದೆ ಬಂದು ನಿಂತಳು...

ಕಿವಿಗೆ ಬಿದ್ದರೆ ಮೈ ಉರಿಯುವ ಮಾತು ಎಲ್ಲರಿಗೂ ಒಂದಿರುತ್ತದೆ. ನನ್ನ ಮಗನಿಗೆ ಯಾರಾದರೂ ‘ನೋಡೋಣ’ ಅಂದರೆ ಆಗದು. ಕಚೇರಿಗಳಿಗೆ ಅಲೆದು ಅಲೆದು ಆ ಮಾತಿನ ಮೇಲೆ ಹಗೆ ಕಟ್ಟಿಕೊಂಡಿದ್ದಾನೆ. ಸೊಸೆಗೆ ‘ಜರಾ ಸಂಭಾಳಿಸ್ಕೋ’ ಅಂದರೆ ಸಾಕು, ಒಳಗೆ ಪಾತ್ರೆಗಳು ಸದ್ದು ಮಾಡುತ್ತವೆ. ನಮ್ಮ ಓಣಿಯ ಒಬ್ಬಾಕೆಗೆ ‘ಪಾಪ’ ಅಂದರೆ ಸಿಟ್ಟು. ನನಗೆ ‘ಮನಿ ಮಗಳಿದ್ದಂಗ’. ಯಾರು ಯಾರಿಗೆ ಈ ಮಾತು ಹೇಳಿದರೂ ನಾನು ಎದ್ದು ಹೊರಗೆ ಹೋಗುತ್ತೇನೆ. ಮುದುಕಿಗೆ ಅರಳುಮರಳು ಅನ್ನುತ್ತಾರೆ. ಯಾಕೆ ಅಂತ ಒಬ್ಬರೂ ಕೇಳಿಲ್ಲ. ಕೇಳದಿದ್ದರೆ ಬಿಡಲಿ, ಬರೆದಿಡುತ್ತೇನೆ. ಅಕ್ಷರ ನೆಟ್ಟಗಿಲ್ಲ, ಓದಿಕೊಳ್ಳಿ.

ನಮ್ಮದು ನಾರಾಯಣಖೇಡದ ಕಡೆಯ ಹಳ್ಳಿ. ಆಗ ನಿಜಾಮನ ರಾಜ್ಯ. ನಿಜಾಮನನ್ನು ನಾವ್ಯಾರೂ ನೋಡಿದವರಲ್ಲ. ನಮಗೆ ರಾಜ್ಯ ಅಂದರೆ ಪಾಟೀಲರ ವಾಡೆ, ಊರ ನಡುವಿನ ಆ ದೊಡ್ಡ ಕಲ್ಲಿನ ಮನೆ. ಪ್ರತಿ ಮನೆಯಿಂದ ಒಬ್ಬರು ವಾಡೆಗೆ ಬಿಟ್ಟಿ ಚಾಕರಿಗೆ ಹೋಗಬೇಕಿತ್ತು. ಹೋಗದಿದ್ದರೆ ಊರಲ್ಲಿ ಬಾಳುವ ಹಾಗಿರಲಿಲ್ಲ. ನಮ್ಮ ಮನೆಯಿಂದ ಅಪ್ಪ ಹೋಗುತ್ತಿದ್ದ. ಅಪ್ಪ ಸತ್ತ ಮೇಲೆ ಉಳಿದದ್ದು ಅವ್ವ ಮತ್ತು ನಾನು. ಅವ್ವ ಹೊಲಗಳಿಗೆ ದುಡಿಯಲು ಹೋದರೆ ಮಾತ್ರ ನಮ್ಮ ಒಲೆ ಹೊತ್ತುತ್ತಿತ್ತು. ಹಾಗಾಗಿ ಅಪ್ಪನ ಪಾಳಿ ನನ್ನ ಮೇಲೆ ಬಿತ್ತು. ಆಗ ನನಗೆ ಏಳು.

ವಾಡೆಯ ಯಜಮಾನಿಯನ್ನು ಊರೆಲ್ಲ ಅವ್ವಾರು ಅನ್ನುತ್ತಿತ್ತು. ಇದನ್ನು ಬರೆಯಲು ಕೂತಾಗ ಅವಳು ಇವಳು ಅಂತಲೇ ಬರೆಯಬೇಕು ಅಂದುಕೊಂಡಿದ್ದೆ. ಒಂದು ಸಲ ಬರೆದೆ, ಮುಂದೆ ಕೈ ಏಳಲಿಲ್ಲ. ಅದಕ್ಕೂ ನನ್ನ ಮೇಲೆ ನನಗೇ ಸಿಟ್ಟು. ಅವ್ವಾರದು ದಪ್ಪ ಮೈ, ಮೂಗಲ್ಲಿ ನತ್ತು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅವ್ವ ನನ್ನನ್ನು ಕರೆದುಕೊಂಡು ಹೋಗಿ ತಲೆಬಾಗಿಲಲ್ಲಿ ನಿಂತಾಗ ಅವರು ನನ್ನ ತಲೆ ಸವರಿದರು.

“ಬಿಟ್ಟು ಹೋಗವ್ವಾ. ನಮ್ಮ ಮನಿ ಮಗಳಿದ್ದಂಗ ಇರ್ತಾಳ.”

ಅವ್ವ ಅವರ ಕಾಲು ಮುಟ್ಟಿ ಅಳುತ್ತ ಹೋದಳು. ಸಂತೋಷಕ್ಕೆ ಅತ್ತದ್ದು ಅದು. ಆ ಅಳು ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ. ಇರುವ ನಾಲ್ಕು ಹಲ್ಲನ್ನು.

ಆಮೇಲೆ ಐದು ವರ್ಷ ಆ ಮಾತು ನನ್ನ ಕೊರಳಿಗೆ ಕಟ್ಟಿದ ಹಗ್ಗವಾಯಿತು. ಎಲ್ಲರ ಊಟವಾದ ಮೇಲೆ ತಳ ಹತ್ತಿದ್ದು ನನ್ನ ಪಾಲಿಗೆ. ಯಾಕ್ರಿ ಅಂದರೆ, ಮನೆ ಮಗಳು ಕಡೆಗೇ ಉಣ್ಣಬೇಕು ಅನ್ನುವರು. ಉಡಲು ಅವರ ಹಳೆ ಸೀರೆಯ ಅರ್ಧ ತುಂಡು. ಮನೆ ಮಗಳಿಗೆ ತಾಯಿ ಸೀರೆ ಬಂದರೆ ಪುಣ್ಯ ಅನ್ನುವರು. ನಾಗರಪಂಚಮಿಗೆ ಎರಡು ದಿನ ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂತ ಅವ್ವ ಬಂದು ಬಾಗಿಲಲ್ಲಿ ನಿಂತರೆ, ಇದೇ ಇಕಿ ಮನಿ ಅಲ್ಲೇನು, ಮಗಳು ಯಾರ ಮನೆಗೆ ಹೋಗಬೇಕು ಅಂತ ನಗುವರು. ಅವ್ವ ಮೆಂತ್ಯದ ಸೊಪ್ಪೋ ಏನೋ ಸೆರಗಲ್ಲಿ ತಂದದ್ದನ್ನು ಕೊಟ್ಟು ತಿರುಗಿ ಹೋಗುವಳು. ಆಳಿಗೆ ಇಲ್ಲ ಅನ್ನಬಹುದು, ಆಳು ಎದುರಾಡಬಹುದು. ಮಗಳು ಅಂದುಬಿಟ್ಟರೆ ಇಬ್ಬರ ಬಾಯಿಗೂ ಬೀಗ. ಬೀಗದ ಕೈ ಮಾತ್ರ ಅವರ ಸೊಂಟದಲ್ಲಿ.

ಇಷ್ಟೇ ಆಗಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಒಮ್ಮೆ ನನಗೆ ಚಳಿಜ್ವರ ಬಂತು. ಅವ್ವಾರು ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದರು. ಮಗಳ ತಲೆ ಬಾಚುವ ದಿನ ಮನಸ್ಸು ಬಂದರೆ ನನ್ನನ್ನೂ ಕೂರಿಸಿಕೊಂಡು ಹೇನು ತೆಗೆದು ಹೆಣೆಯುತ್ತಿದ್ದರು. ಆ ಮಗಳು ನನಗಿಂತ ಮೂರು ವರ್ಷ ದೊಡ್ಡವಳು. ಮನೆಗೆ ಬರುವ ಅಯ್ಯನವರು ಅವಳಿಗೆ ಹೇಳಿಕೊಟ್ಟದ್ದನ್ನು ಅವಳು ನನಗೆ ಒಲೆ ಬೂದಿಯಲ್ಲಿ ಬರೆದು ತೋರಿಸುತ್ತಿದ್ದಳು. ಈಗ ಬರೆಯುತ್ತಿರುವ ಅಕ್ಷರಗಳಲ್ಲಿ ಅರ್ಧ ಅವಳವೇ... ಹಾಗಾಗಿ ನಾನು ಆ ಮಾತನ್ನು ನಂಬಿದ್ದೆ. ಅದೇ ನನ್ನ ತಪ್ಪು.

ಆ ಮಗಳ ಮದುವೆ ತಾಂಡೂರಿನ ಕಡೆ, ಪೆದ್ದೆಮುಲ್ಲಿನ ಹತ್ತಿರದ ಇನ್ನೊಂದು ವಾಡೆಗೆ ಗೊತ್ತಾಯಿತು. ನಮ್ಮ ಊರಿಂದ ಎತ್ತಿನ ಬಂಡಿಯಲ್ಲಿ ದಿನಗಟ್ಟಲೆ ದಾರಿ. ಮದುವೆ ನಮ್ಮ ವಾಡೆಯಲ್ಲೇ ನಡೆಯಿತು. ಬೀಸಲು, ಕುಟ್ಟಲು ಊರ ಹೆಂಗಸರನ್ನೆಲ್ಲ ಕರೆಸಿದ್ದರು. ನಮ್ಮ ಅವ್ವನೂ ಬಂದು ಬೀಸುಕಲ್ಲಿನ ಮುಂದೆ ಕೂತಿದ್ದಳು. ಮದುಮಗಳನ್ನು ಕಳಿಸುವ ದಿನ ಬೆಳಿಗ್ಗೆ ನನ್ನನ್ನು ಅಂಗಳದಲ್ಲಿ ಬಳುವಳಿ ಪಾತ್ರೆಗಳ ಮುಂದೆ ಕೂರಿಸಿದರು. ಹಂಡೆ, ಕೊಪ್ಪರಿಗೆ, ಕೊಡ, ಪರಾತ. ಹುಣಸೆಹಣ್ಣು ಬೆರಳ ಸಂದಿಗೆ ಇಳಿದು ಉರಿಯುತ್ತಿತ್ತು. ಅಕ್ಕನ ಮದುವೆ ಪಾತ್ರೆ ಅಂತ ಖುಷಿಯಲ್ಲೇ ತಿಕ್ಕುತ್ತಿದ್ದೆ. ಅವ್ವಾರು ಬಂಡಿ ಹೊಡೆಯುವವನಿಗೆ ಯಾವ ಬಂಡಿಯಲ್ಲಿ ಏನು ಅಂತ ಹೇಳುತ್ತಿದ್ದರು. ಮೊದಲನೆಯದರಲ್ಲಿ ಮದುಮಕ್ಕಳು, ಎರಡನೆಯದರಲ್ಲಿ ಹಾಸಿಗೆ, ಅರಿವೆ.

“ಮೂರನೇದ್ರಾಗ ಹಂಡೇವು, ಕೊಪ್ಪರಿಗಿ, ಮತ್ತ ಈ ಪೋರಿ,” ಅಂದರು.

ನಾನು ಯಾವಾಗ ತಿರುಗಿ ಬರುತ್ತೇನೆ ಅಂತ ಬಂಡಿಯವನನ್ನು ಕೇಳಿದೆ. ಅವನು ಒಳ್ಳೆಯವನೇ, ನಗುನಗುತ್ತಲೇ ಹೇಳಿದ.

“ಬಳುವಳಿ ಕೊಟ್ಟ ಹಂಡಿ ಎಲ್ಲ್ಯಾರ ತಿರುಗಿ ಬರ್ತದೇನು ಹುಚ್ಚಿ?”

ದೊಡ್ಡ ಮನೆಯವರು ಮಗಳ ಜೊತೆ ಒಂದು ಚಾಕರಿಯ ಹುಡುಗಿಯನ್ನೂ ಕೊಟ್ಟುಬಿಡುವುದು ಆಗ ಆ ಸೀಮೆಯಲ್ಲಿ ಇತ್ತು. ಹಾಗೆ ಹೋದವರು ಅಲ್ಲೇ ಬೆಳೆದು ಅಲ್ಲೇ ಸತ್ತರು. ಹೆತ್ತವರು ಮತ್ತೆ ಅವರ ಮುಖ ನೋಡಿದ್ದನ್ನು ನಾನು ಕೇಳಿಲ್ಲ. ಇದು ನನಗೆ ಗೊತ್ತಿತ್ತು. ನನಗೇ ಆಗುತ್ತದೆ ಅಂತ ಗೊತ್ತಿರಲಿಲ್ಲ. ನಾನು ಮಗಳಲ್ಲವೇ?

ಕೈ ತೊಳೆಯದೆ ಓಡಿ ಬೀಸುಕಲ್ಲಿನ ಹತ್ತಿರ ಹೋಗಿ ಅವ್ವನಿಗೆ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ಹೋಗಿ ಅವ್ವಾರ ಮುಂದೆ ನಿಂತಳು. ಇರುವುದು ಒಂದೇ ಕೂಸು, ಅಷ್ಟು ದೂರ ಕಳಿಸಬೇಡಿ ಅಂದಳು. ಅವ್ವಾರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ನಕ್ಕು ಅಂದರು:

“ಮಗಳಿದ್ದಂಗ ಅಂತನೇ ಮಗಳ ಜೋಡಿ ಕಳಸಾಕತ್ತೀನಿ. ಬ್ಯಾರೇದವರನ್ನ ಕಳಸ್ತಿದ್ನೇನು?”

ಇದಕ್ಕೆ ಏನು ಹೇಳುತ್ತೀರಿ? ಅವ್ವ ತಿರುಗಿ ಹೋಗಿ ಕಲ್ಲಿನ ಮುಂದೆ ಕೂತಳು. ಬೀಸುವ ಸದ್ದು ಮತ್ತೆ ಶುರುವಾಯಿತು.

ಮಧ್ಯಾಹ್ನ ಬಂಡಿ ಕಟ್ಟಿದರು. ತಲೆಬಾಗಿಲ ಒಳಗೆ ಮಣೆ ಹಾಕಿ ಮಗಳನ್ನು ನಿಲ್ಲಿಸಿದರು, ಉಡಿ ತುಂಬಲು. ತವರಿಂದ ಹೊರಡುವ ಹೆಣ್ಣನ್ನು ಖಾಲಿ ಉಡಿಯಲ್ಲಿ ಯಾರೂ ಕಳಿಸುವುದಿಲ್ಲ. ಎಷ್ಟು ಬಡವರಾದರೂ ಒಂದು ಬೊಗಸೆ ಕಾಳು ಹಾಕಿ ಕಳಿಸುತ್ತಾರೆ. ಹಾಗೆ ತುಂಬಿ ಕಳಿಸಿದವಳನ್ನು ಪಂಚಮಿಗೆ ತಿರುಗಿ ಕರೆತರಲೇಬೇಕು, ತರದಿದ್ದರೆ ಊರು ಆಡಿಕೊಳ್ಳುತ್ತದೆ. ಅವ್ವಾರು ಐದು ಬೊಗಸೆ ಅಕ್ಕಿ ಹಾಕಿದರು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಮೇಲೆ ಹಸಿರು ಖಣ. ಕಣ್ಣು ಒರೆಸಿಕೊಂಡರು. ಬೀಗರ ಕಡೆಯ ಹೆಂಗಸರು ಸುತ್ತ ಕೂತು ಹಾಡುತ್ತಿದ್ದರು. ಮಗಳು ಮಣೆ ಇಳಿದಳು.

ನಾನು ಹತ್ತಿದೆ.

ಹುಳಿ ಬೂದಿ ಮೆತ್ತಿದ ಕೈಯಲ್ಲೇ ಆ ಅರ್ಧ ಸೀರೆಯ ಸೆರಗು ಚಾಚಿದೆ. ಹಾಡು ನಿಂತಿತು.

“ನನಗೂ ತುಂಬ್ರಿ ಅವ್ವಾರ. ನಾನೂ ಮನಿ ಬಿಟ್ಟು ಹೊಂಟೀನಲ್ರಿ.”

ಮದುಮಗನ ತಾಯಿ, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡ ಮುದುಕಿ, ಅವ್ವಾರ ಕಡೆ ತಿರುಗಿ, ಒಬ್ಬಳೇ ಮಗಳು ಅಂತ ಹೇಳಿದ್ದಿರಿ, ಇನ್ನೊಬ್ಬಳನ್ನು ಎಲ್ಲಿ ಬಚ್ಚಿಟ್ಟಿದ್ದಿರಿ ಬೀಗತಿ ಅಂತ ಕೇಳಿದಳು. ಹೆಂಗಸರೆಲ್ಲ ನಕ್ಕರು. ಅವ್ವಾರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಅಕ್ಕಿಯ ಪರಾತ ಅವರ ಕೈಯಲ್ಲೇ ಇತ್ತು. ಅದರಲ್ಲಿ ಅಕ್ಕಿಯೂ ಇತ್ತು. ಒಂದು ಹಿಡಿ ಹಾಕಿದ್ದರೆ ಸಾಕಿತ್ತು.

“ಯಾರ ಮಗಳ ಇಕಿ? ಆಳಿನ ಹುಟ್ಟು,” ಅಂದರು. “ತಲಿ ಸರಿ ಇಲ್ಲ ಇಕೀದು. ಎಳಕೊಂಡು ಹೋಗ್ರಿ.”

ನಾನು ಮದುಮಗಳ ಕಡೆ ನೋಡಿದೆ. ಅವಳು ತನ್ನ ಉಡಿಯ ಗಂಟು ಬಿಗಿ ಮಾಡಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ. ಆ ಮುದುಕಿ ಮಾತ್ರ ಎಲೆ ಅಡಿಕೆ ಉಗಿದು ಬಂದು, ತಲೆ ಸರಿ ಇಲ್ಲದವಳನ್ನು ನಮಗೆ ಯಾಕೆ ಕಟ್ಟುತ್ತೀರವ್ವಾ, ನಮ್ಮ ಮನೆಯಲ್ಲಿ ಹುಚ್ಚರು ಸಾಕಷ್ಟು ಇದ್ದಾರೆ ಅಂದಳು. ಮತ್ತೆ ನಗು. ಆಡಿದ ಮಾತನ್ನು ಅವ್ವಾರು ನುಂಗುವ ಹಾಗಿರಲಿಲ್ಲ. ಹೀಗೆ ಅವರ ಸುಳ್ಳೇ ನನ್ನನ್ನು ಬಂಡಿಯಿಂದ ಇಳಿಸಿತು. ನನ್ನ ಜಾಗದಲ್ಲಿ ಒಂದು ಚೀಲ ತೊಗರಿಬೇಳೆ ಇಟ್ಟರು. ತೊಗರಿಗೇ ಹೆಸರಾದ ತಾಂಡೂರಿನ ಕಡೆಗೆ ತೊಗರಿಬೇಳೆ ಕಳಿಸಿದರು ಅಂದರೆ ಎಷ್ಟು ಗಾಬರಿ ಆಗಿತ್ತು ನೋಡಿ.

ಈ ಕತೆಯನ್ನು ನಮ್ಮ ಮಂದಿ ಬಹಳ ವರ್ಷ ಹೇಳಿಕೊಂಡು ನಕ್ಕರು. ಹನ್ನೆರಡು ವರ್ಷದ ಪೋರಿ ಎಂಥ ಯುಕ್ತಿ ಮಾಡಿ ಪಾರಾದಳು ಅಂತ. ನಾನೂ ಹೂಂ ಅನ್ನುತ್ತಿದ್ದೆ. ಯುಕ್ತಿ ಅಲ್ಲ ಅದು. ನನಗೆ ನಿಜವಾಗಿ ಅವರು ಉಡಿ ತುಂಬಬೇಕಾಗಿತ್ತು. ತುಂಬಿದ್ದರೆ ನಾನು ಸುಮ್ಮನೆ ಬಂಡಿ ಹತ್ತಿ ಹೋಗುತ್ತಿದ್ದೆ. ಪಂಚಮಿಗೆ ಕರೆಸುತ್ತಾರೆ ಅಂತ ದಾರಿ ಕಾಯುತ್ತ ಅಲ್ಲೇ ಮುದುಕಿಯಾಗುತ್ತಿದ್ದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ ಇದನ್ನು.

ನಾನು ಸೆರಗು ಚಾಚಿದಾಗ ಬೀಸುಕಲ್ಲಿನ ಸದ್ದೂ ನಿಂತಿತ್ತು. ಅದು ಆಮೇಲೆ ನೆನಪಾಯಿತು. ಹೆತ್ತವಳು ಹತ್ತು ಮಾರು ದೂರದಲ್ಲಿ ಕೂತಿರುವಾಗ ನಾನು ಇನ್ನೊಬ್ಬರ ಮುಂದೆ ಮಗಳು ಅಂತ ನಿಂತಿದ್ದೆ. ಅವ್ವ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಮದುವೆಯಲ್ಲಿ ಅಕ್ಕಿ ಸಿಗದೆ ಜೋಳ ಹಾಕಿ ಉಡಿ ತುಂಬಿದಳು, ಆಗಲೂ ಆಡಲಿಲ್ಲ. ಸಾಯುವ ತನಕ ಆಡಲಿಲ್ಲ. ಬೈದಿದ್ದರೆ ಆಗುತ್ತಿತ್ತು... ಈಗ ಬೈಯಲು ಅವಳಿಲ್ಲ, ಕ್ಷಮಿಸು ಅನ್ನಲು ನನಗೂ ಯಾರೂ ಇಲ್ಲ.

ನಿಜಾಮನ ರಾಜ್ಯ ಹೋದ ಮೇಲೆ ವಾಡೆಯವರು ಹೈದರಾಬಾದು ಸೇರಿದರು. ಅವ್ವಾರು ತೀರಿಕೊಂಡ ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹೌದಾ ಅಂದು ಉಳಿದ ಹಿಟ್ಟನ್ನೂ ಬಡಿದು ಮುಗಿಸಿದೆ. ಮದುಮಗಳಾಗಿ ಹೋದವಳ ಸುದ್ದಿ ಬರಲೇ ಇಲ್ಲ. ಇದ್ದಾಳೋ ಇಲ್ಲವೋ. ಅವಳ ಮೇಲಿನ ಸಿಟ್ಟು ಎಂದೋ ಹೋಯಿತು, ಅವ್ವಾರ ಮೇಲಿನದು ಹೋಗಿಲ್ಲ. ಆ ಮಾತಿನ ಮೇಲಿನದಂತೂ ನನ್ನ ಜೊತೆಯೇ ಮಣ್ಣಿಗೆ ಹೋಗಬೇಕು.

ಅಂದು ಅವ್ವ ನನ್ನನ್ನು ಮನೆಗೆ ಕರೆದುಕೊಂಡು ಹೋದಳು ಅಂದುಕೊಳ್ಳಬೇಡಿ. ವಾಡೆಯನ್ನು ಎದುರು ಹಾಕಿಕೊಂಡು ಇರಲು ನಮಗೆ ಜಾಗ ಎಲ್ಲಿತ್ತು? ಇನ್ನೂ ಮೂರು ವರ್ಷ ಅಲ್ಲೇ ಚಾಕರಿ ಮಾಡಿದೆ. ಬಂಡಿಗಳು ಹೋದ ಮರುದಿನ ಬೆಳಿಗ್ಗೆ ಎದ್ದು ಬಾವಿಕಟ್ಟೆಯ ಮೇಲೆ ಕೂತಿದ್ದೆ. ಅವ್ವಾರು ಪಡಸಾಲೆಯಿಂದ, ಏನೂ ಆಗಿಲ್ಲದವರ ಹಾಗೆ, ಮಗಳ, ಬಾ, ಅಂಗಳದ ಕಸ ಬಳಿ ಅಂದರು. ನಾನು ಕೂತೇ ಇದ್ದೆ. ಮತ್ತೆ ಮಗಳ ಅಂದರು. ಕೂತೇ ಇದ್ದೆ. ಮೂರನೇ ಸಲ ದನಿ ಏರಿಸಿ ಕರೆದಾಗ ಅಡುಗೆಯವಳು ಹೊರಗೆ ಬಂದು ನೋಡಿದಳು. ಆಗಲೂ ಏಳಲಿಲ್ಲ. ನಾಲ್ಕನೇ ಸಲ ಅವರು ನನ್ನ ಹೆಸರು ಹಿಡಿದು ಕರೆದರು. ಎದ್ದು ಹೋಗಿ ಕಸಬಾರಿಗೆ ತೆಗೆದುಕೊಂಡೆ.