ಸಾಬಮ್ಮ ಇಳಿಸಿದ ಸದ್ದು

ಯಾದಗಿರಿ ಕಡೆಯ ಸಾಬಮ್ಮ ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತ ಹನ್ನೊಂದು ವರ್ಷ ಕಳೆದವಳು. ಅಲ್ಲಿನ ಸೂಪರ್‌ವೈಸರ್ ಮುನಿರಾಜಪ್ಪನವರಿಗೆ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಸಂಪರ್ಕಿಸುವ ಹುಚ್ಚು. ಅವರು ಕೊಟ್ಟ ಪುಸ್ತಕವನ್ನು ಬಾಡಿಗೆ ಕೋಣೆಯಲ್ಲಿ ಓದಿ, ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು ಅವಳು ಇಂದಿರಾನಗರದ ಹ್ಯಾಮ್ ಕ್ಲಬ್ಬಿಗೆ ಸೇರಿದಳು. ಮುನಿರಾಜಪ್ಪನವರೇ ಅದರ ಅಧ್ಯಕ್ಷರು. ಕಾರ್ಯದರ್ಶಿ ಅಂಜನಮೂರ್ತಿ, ನಿವೃತ್ತ ಎಂಜಿನಿಯರ್.

ಆ ವರ್ಷ ಕ್ಲಬ್ಬಿನವರು ಪ್ರವಾಹದ ಅಣಕು ಅಭ್ಯಾಸ ನಡೆಸಿದರು. ಫೋನುಗಳೆಲ್ಲ ಕೈಕೊಟ್ಟರೆ ರೇಡಿಯೋ ಮೂಲಕ ಬರಹ ಕಳಿಸುವುದು ಹೇಗೆಂದು ಸರ್ಕಾರಿ ಅಧಿಕಾರಿಗಳಿಗೆ ತೋರಿಸಬೇಕಿತ್ತು. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದನ್ನು ಪ್ಯಾಕೆಟ್ ಮೋಡೆಮ್ ಕೀಚಲು ಸದ್ದಾಗಿಸಿ ರೇಡಿಯೋಗೆ ಕೊಡುತ್ತದೆ. ಆ ಕಡೆಯ ಮೋಡೆಮ್ ಸದ್ದನ್ನು ಮತ್ತೆ ಅಕ್ಷರ ಮಾಡುತ್ತದೆ. ಸದ್ದು ಕಮ್ಮಿಯಾದರೆ ಕೇಳದು, ಹೆಚ್ಚಾದರೆ ಒಡೆದುಹೋಗುತ್ತದೆ. ಸಾಬಮ್ಮ ಇನ್ನೊಂದು ರೇಡಿಯೋ ಸೆಟ್ಟಿನಲ್ಲಿ ಕಿವಿಯಿಟ್ಟು ಕೇಳುತ್ತ, ಮೋಡೆಮ್ಮಿನ ಪುಟ್ಟ ಸ್ಕ್ರೂ ತಿರುಗಿಸಿ ಹದಕ್ಕೆ ತಂದು, ಚಹಾ ಕುಡಿಯಲು ಎದ್ದುಹೋದಳು. ವಾಪಸು ಬರುವಷ್ಟರಲ್ಲಿ ಅಂಜನಮೂರ್ತಿ ಆ ಸ್ಕ್ರೂವನ್ನು ಕೊನೆಮುಟ್ಟ ತಿರುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಸದ್ದು ಜೋರಾದಷ್ಟೂ ದೂರ ಹೋಗುತ್ತದೆಂಬುದು ಅವರ ಲೆಕ್ಕ; ಅವಳನ್ನು ಮತ್ತೆ ಮುಟ್ಟಗೊಡಲಿಲ್ಲ. ಆಮೇಲೆ ಒಂದು ಸಂದೇಶವೂ ತಲುಪಲಿಲ್ಲ.

"ಬೆಸುಗೆ ಹಾಕೋರನ್ನ ತಂದು ರೇಡಿಯೋ ಮುಂದೆ ಕೂರಿಸಿದ್ರೆ ಹೀಗೇ ಆಗೋದು," ಎಂದರು ಅಂಜನಮೂರ್ತಿ, ಅಧಿಕಾರಿಗಳ ಮುಂದೆಯೇ. ನಾಲ್ಕು ಜನ ನಕ್ಕರು. ಕ್ಲಬ್ಬಿನ ವರದಿಯಲ್ಲೂ ಸಾಬಮ್ಮನ ಅಜಾಗರೂಕತೆ ಎಂದೇ ದಾಖಲಾಯಿತು. ಹಿರಿಯರು, ಹೋಗಲಿ ಬಿಡು ಅಂದರು ಮುನಿರಾಜಪ್ಪನವರು. ಅವಳು ಬಿಡಲಿಲ್ಲ.

ಶಿವಾಜಿನಗರದಲ್ಲಿ ಹಳೆಯ ಸೆಟ್ಟೊಂದನ್ನು ಕೊಂಡು ರಿಪೇರಿ ಮಾಡಿಕೊಂಡು, ಪ್ರತಿ ಭಾನುವಾರ ಅಂಜನಮೂರ್ತಿ ಮನೆಯಿಂದ ಕಳಿಸುವ ಪ್ಯಾಕೆಟ್ ಸಂದೇಶಗಳಿಗೆ ಕಿವಿಗೊಟ್ಟಳು. ಅಲ್ಲೂ ಅದೇ ಒಡಕು ಸದ್ದು. ಹತ್ತು ಸಲ ಕಳಿಸಿದರೆ ಒಂದು ತಲುಪುತ್ತಿತ್ತು. ಅವರು ಎದುರಿನವರ ಸೆಟ್ಟನ್ನು ಬೈಯುತ್ತಿದ್ದರು. ತಪ್ಪು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳದೆ, ವರ್ಷವಿಡೀ ಹಲ್ಲು ಕಚ್ಚಿ ಕಾದಳು.

ಮರುವರ್ಷದ ಅಭ್ಯಾಸದಲ್ಲಿ ಅವಳಿಗೆ ಕೆ.ಆರ್. ಪುರದ ಶಾಲೆಯ ಕೇಂದ್ರ ಸಿಕ್ಕಿತು. ಇಂದಿರಾನಗರದಲ್ಲಿ ಅಂಜನಮೂರ್ತಿ ತಾವೇ ಕೂತಿದ್ದರು, ಪಕ್ಕದಲ್ಲಿ ಅಧಿಕಾರಿಗಳು. ಅವರದೊಂದೂ ಸಂದೇಶ ಬರಲಿಲ್ಲ. ಕೊನೆಗೆ ಅವರು ಮೈಕ್ ಹಿಡಿದು, ಎಲ್ಲ ಕೇಂದ್ರಗಳಿಗೂ ಕೇಳುವಂತೆ, ನಿನ್ನ ಸೆಟ್ ಕೆಟ್ಟಿದೆ ನೋಡ್ಕೊ ಎಂದು ಗದರಿದರು.

"ನಮ್ಮದು ಸರಿ ಅದ ಸರ. ಹಲಸೂರು ಕೇಂದ್ರದವ್ರದು ಬರ್ಲಿಕತ್ತದ," ಎಂದಳು ಸಾಬಮ್ಮ. "ನಿಮ್ಮ ಸದ್ದೇ ಒಡದದ. ಕಮ್ಮಿ ಮಾಡ್ರಿ."

ಅವರು ಇಳಿಸಿ, ಪರೀಕ್ಷೆಗೆಂದು ಒಂದು ಸಾಲು ಕಳಿಸಿದರು. ಇನ್ನೂ ಕಮ್ಮಿ ಅಂದಳು. ಮೂರನೆಯ ಸಲಕ್ಕೆ ಅವಳ ಪರದೆಯ ಮೇಲೆ ಅಕ್ಷರಗಳು ಸ್ಪಷ್ಟವಾಗಿ ಮೂಡಿದವು. ಅದನ್ನು ನೋಡುತ್ತಲೇ, ಬಂದಿಲ್ಲ ಸರ, ಇನ್ನೂ ಕಮ್ಮಿ ಮಾಡ್ರಿ ಎಂದಳು. ಸದ್ದು ಪೂರ್ತಿ ಅಡಗುವವರೆಗೂ ಇಳಿಸುವಂತೆ ಮಾಡಿದಳು. ಆಮೇಲೆ ಏರಿಸಲು ಹೇಳಿದಳು. ಮತ್ತೆ ಇಳಿಸಲು ಹೇಳಿದಳು. ಆ ಎಂಜಿನಿಯರು ಅವಳ ಮಾತಿನಂತೆ ಸ್ಕ್ರೂ ತಿರುಗಿಸುವುದನ್ನು ಐದು ಕೇಂದ್ರಗಳು ಕೇಳಿಸಿಕೊಂಡವು.

"ಈಗ ಬಂತು ಸರ. ಹೋದ ವರ್ಷ ನಾ ಇದೇ ಹದಕ್ಕೆ ಇಟ್ಟಿದ್ದೆ. ತಿರುಗಿಸಿದವ್ರು ಯಾರು?"

"ನಾನೇ," ಎಂದರು ಅಂಜನಮೂರ್ತಿ.

ಮುಂದಿನ ಸಭೆಯಲ್ಲಿ ಅವರು ಹಳೆಯ ವರದಿ ತಿದ್ದಿ ತಂದರು. ತಾಂತ್ರಿಕ ಕಾರಣ ಎಂದು ಬರೆದಿದ್ದರು. ಸಾಬಮ್ಮ ಅದನ್ನು ಹೊಡೆದುಹಾಕಿಸಿ, ಅವರ ಕೈಯಿಂದಲೇ ‘ನನ್ನ ತಪ್ಪಿನಿಂದ’ ಎಂದು ಬರೆಸಿ, ಗಟ್ಟಿಯಾಗಿ ಓದಿಸಿದಳು. ಅಂದಿನಿಂದ ಅವರು ಕ್ಲಬ್ಬಿಗೆ ಬರುವುದನ್ನೇ ಬಿಟ್ಟರು.

ವಯಸ್ಸಾದವರು, ನೀನೇ ಒಂದು ಫೋನ್ ಮಾಡಿ ಕರೆಯಮ್ಮ ಎಂದು ಮುನಿರಾಜಪ್ಪನವರು ಎರಡು ಸಲ ಹೇಳಿದರು. ಸಾಬಮ್ಮ ಹೊಸಬರಿಗೆ ಪಾಠ ಮಾಡಲು ಮೋಡೆಮ್ ಬಿಚ್ಚುತ್ತಿದ್ದಳು.

"ಅವ್ರ ಹತ್ರ ನನ್ನ ನಂಬರ್ ಅದರೀ," ಎಂದಳು, ತಲೆ ಎತ್ತದೆ.